ಕಂಬದ ಪಕ್ಕ ಕೂತು ಕಾದದ್ದು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನನ್ನ ಮದುವೆಗೆ ಒಂದು ಸುಳ್ಳೂ ಬೇಕಾಗಲಿಲ್ಲ. ಗಂಡಿನ ಕಡೆಯವರು ಬಾಯಿ ಮುಚ್ಚಿಕೊಂಡಿದ್ದರು, ಅಷ್ಟೇ ಸಾಕಾಯಿತು. ಹುಡುಗ ಪಿಟೀಲು ವಿದ್ವಾನ್, ಚಾಮರಾಜಪೇಟೆಯಲ್ಲಿ ಬಾಡಿಗೆ ಮನೆ, ಮನೆಯಲ್ಲಿ ತಾಯಿ ಒಬ್ಬರೇ, ಬೇರೆ ತಾಪತ್ರಯವಿಲ್ಲ ಎಂದು ನಮ್ಮಪ್ಪ ಒಪ್ಪಿಕೊಂಡರು. ಯುದ್ಧ ನಡೆಯುತ್ತಿದ್ದ ಕಾಲ ಅದು. ಕಿಟಕಿಯ ಗಾಜಿಗೆ ಕರಿ ಕಾಗದ ಅಂಟಿಸಿಕೊಂಡು, ಎಂದೂ ಬಾರದ ವಿಮಾನಗಳಿಗೆ ಹೆದರಿ ಊರಿಗೆ ಊರೇ ಆಕಾಶ ನೋಡುತ್ತಿತ್ತು. ಆ ಮನೆ ಸೇರಿದ ಮೇಲೆ ನಾನು ಆಕಾಶ ನೋಡುವುದನ್ನು ಬಿಟ್ಟೆ. ಹೆದರಬೇಕಾದ್ದು ಮನೆಯೊಳಗೇ ಇತ್ತು.

ಮದುವೆಯಾದ ಹೊಸತು. ಒಂದು ಬೆಳಿಗ್ಗೆ ನಮ್ಮವರು ನಡುಮನೆಯಲ್ಲಿ ಕೂತು ಪಿಟೀಲಿನ ಶ್ರುತಿ ಸರಿಮಾಡಿಕೊಳ್ಳುತ್ತಿದ್ದರು. ನಾನು ಕಾಫಿ ತಂದೆ. ಲೋಟ ತೆಗೆದುಕೊಳ್ಳಲಿ ಎಂದು ನಿಂತರೆ ನನ್ನ ಕಡೆಗೇ ತಿರುಗಿದ್ದಾರೆ, ಆದರೆ ನನ್ನನ್ನು ನೋಡುತ್ತಿಲ್ಲ. ಎಡತುಟಿಯ ಅಂಚು ಸಣ್ಣಗೆ ಜಗ್ಗಿತು, ಒಳಗಿನಿಂದ ಯಾರೋ ದಾರ ಎಳೆದ ಹಾಗೆ. ಮತ್ತೆ ಜಗ್ಗಿತು. ಹೊಸ ಹೆಂಡತಿಯನ್ನು ಅಣಕಿಸುತ್ತಿದ್ದಾರೆ ಎಂದುಕೊಂಡು ನಾನು ನಕ್ಕೆ. ಕಾಫಿ ಕೆಳಗಿಟ್ಟು ಇನ್ನೇನೋ ಹೇಳಬೇಕು ಎನ್ನುವಷ್ಟರಲ್ಲಿ ಅವರು ಪಕ್ಕಕ್ಕೆ ಉರುಳಿದರು. ಕೈಕಾಲು ಸೆಟೆದುಕೊಂಡಿತು, ಬಾಯಲ್ಲಿ ನೊರೆ ಬಂತು. ನನ್ನ ಕೂಗು ಕೇಳಿ ಅತ್ತೆ ಅಡಿಗೆಮನೆಯಿಂದ ಓಡಿಬಂದರು. ಬಂದವರೇ ಸೊಂಟದಲ್ಲಿದ್ದ ಬೀಗದಕೈ ಗೊಂಚಲನ್ನು ಮಗನ ಮುಷ್ಟಿಯೊಳಗೆ ತುರುಕಿದರು. ಕೈಯಲ್ಲಿ ಕಬ್ಬಿಣವಿದ್ದರೆ ಮೂರ್ಛೆ ಇಳಿಯುತ್ತದೆ ಎಂಬುದು ಅವರ ನಂಬಿಕೆ. ಇಳಿಯಿತು. ಕಬ್ಬಿಣದಿಂದಲೋ ತಾನಾಗಿಯೋ ಶಿವನಿಗೇ ಗೊತ್ತು.

"ಹೊರಗೆಲ್ಲೂ ಬಾಯಿ ಬಿಡ್ಬೇಡ ಕಣಮ್ಮ," ಎಂದರು ಅತ್ತೆ. ಹಣೆಯ ವಿಭೂತಿಯೆಲ್ಲ ಬೆವರಿಗೆ ಕರಗಿತ್ತು. "ಗೊತ್ತಾದ್ರೆ ಯಾವ ಹಾಡೋರೂ ಪಕ್ಕದಲ್ಲಿ ಕೂರಿಸ್ಕೊಳ್ಳಲ್ಲ. ಕಛೇರಿ ಹೋದ್ರೆ ಇವನು ಬದುಕಲ್ಲ."

"ನಂಗ್ಯಾಕೆ ಮೊದ್ಲೇ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬರ್ತಿದ್ಯಾ?"

ಬರುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕೆಲವು ದಿನ ಅತ್ತೆಯ ಜೊತೆ ಮಾತು ಬಿಟ್ಟೆ. ತವರಿಗೆ ಹೋಗಿಬಿಡುತ್ತೇನೆ ಎಂದು ಟ್ರಂಕನ್ನೂ ತೆಗೆದಿಟ್ಟೆ. ಆದರೆ ಟ್ರಂಕಿಗೆ ಸೀರೆ ತುಂಬುವಾಗಲೂ ನನ್ನ ಕಣ್ಣು ನಡುಮನೆಯಲ್ಲಿ ಕೂತವರ ತುಟಿಯ ಮೇಲೇ ಇತ್ತು. ಆಮೇಲೆ ಟ್ರಂಕನ್ನು ಅಟ್ಟಕ್ಕೆ ಹಾಕಿಸಿದೆ.

ಮಲ್ಲೇಶ್ವರದಲ್ಲಿ ಒಬ್ಬ ಡಾಕ್ಟರಿದ್ದರು. ಅಲ್ಲಿಗೆ ಹೋದರೆ ಚಾಮರಾಜಪೇಟೆಯವರ ಕಣ್ಣಿಗೆ ಬೀಳುವುದಿಲ್ಲ ಎಂದು ಅಷ್ಟು ದೂರ ಕರೆದುಕೊಂಡು ಹೋದೆವು. ಮಾತ್ರೆ ಬರೆದುಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಈ ಕಾಯಿಲೆ ಇರೋ ಕೆಲವ್ರಿಗೆ ಮುಂಚೆನೇ ಗೊತ್ತಾಗುತ್ತಮ್ಮ. ಏನೋ ಸುಟ್ಟ ವಾಸನೆ ಬರುತ್ತೆ, ಬೆಳಕು ಕಾಣುತ್ತೆ, ಅವ್ರು ಹುಷಾರಾಗಿ ಕೂತ್ಬಿಡ್ತಾರೆ. ನಿಮ್ಮೋರು ನಂಗೇನೂ ಗೊತ್ತಾಗಲ್ಲ ಅಂತಾರೆ. ಇವ್ರಿಗೆ ಸೂಚನೆ ಬರೋದು ಮುಖದ ಮೇಲೆ. ಅದನ್ನ ನೋಡೋಕೆ ಬೇರೆಯವ್ರ ಕಣ್ಣೇ ಬೇಕು," ಎಂದರು.

ಹೀಗೆ ನಾನು ನಮ್ಮವರಿಗೆ ಕಣ್ಣಾದೆ. ಮಾತ್ರೆ ನುಂಗಿದರೆ ಅವರಿಗೆ ಮಂಪರು, ಬೆರಳು ಓಡುವುದಿಲ್ಲ. ಆದ್ದರಿಂದ ಕಛೇರಿಯ ದಿನ ನುಂಗುತ್ತಿರಲಿಲ್ಲ. ಅಂದರೆ ಎಲ್ಲರೂ ನೋಡುವ ದಿನವೇ ಅಪಾಯ ಹೆಚ್ಚು. ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಪಿಟೀಲಿನವರು ಹಾಡುವವರ ಎಡಕ್ಕೆ, ಅಡ್ಡಲಾಗಿ ಕೂರುತ್ತಾರೆ. ಹೆಂಗಸರ ಕಡೆ ಸರಿಯಾದ ಕಂಬ ನೋಡಿಕೊಂಡು ಕೂತರೆ ಅವರ ಎಡತುಟಿ ನನಗೆ ಕಾಣುತ್ತದೆ, ನಾನು ಅವರಿಗೆ ಕಾಣುತ್ತೇನೆ. ತುಟಿ ಜಗ್ಗಿದರೆ ನಾನು ಎದ್ದು ನಿಲ್ಲಬೇಕು. ನಾನು ನಿಂತದ್ದು ಕಂಡರೆ ಅವರು ಪಿಟೀಲು ಕೆಳಗಿಟ್ಟು, ಕೈಮುಗಿದು, ವೇದಿಕೆಯ ಹಿಂದಕ್ಕೆ ಹೋಗಬೇಕು. ಬೀಳುವುದಕ್ಕೆ ಮುಂಚೆ ಅಷ್ಟು ಹೊತ್ತು ಸಿಗುತ್ತಿತ್ತು.

ಕಾಯುವುದರಲ್ಲೂ ಜಾತಿಗಳಿವೆ ಎಂದು ಆಗ ಗೊತ್ತಾಯಿತು. ನಮ್ಮಪ್ಪನದು ಕೃಷ್ಣರಾಜ ಮಾರುಕಟ್ಟೆಯಲ್ಲಿ ಹೂವಿನ ಮಂಡಿ. "ಹೂವು ಇವತ್ತಿಂದು, ವ್ಯಾಪಾರ ನಾಳೆದು," ಎನ್ನುತ್ತಿದ್ದರು. ನಾಳೆ ಲಗ್ನಗಳು ಜಾಸ್ತಿ ಎಂದು ಗೊತ್ತಾದರೆ ಹಿಂದಿನ ಸಂಜೆಯೇ ಮಲ್ಲಿಗೆ ಮೊಗ್ಗು ಕೊಂಡು ಒದ್ದೆ ಬಟ್ಟೆ ಹೊದಿಸಿಡುವರು. ಅಂದಾಜು ತಪ್ಪಿದರೆ ಹೂವು ಬಾಡಿ ಬೀದಿ ಹಸುಗಳ ಪಾಲು, ಅಪ್ಪ ಒಂದು ಹೊತ್ತು ಸಿಡುಕುವರು, ಅಲ್ಲಿಗೆ ಮುಗಿಯಿತು. ನನ್ನ ತಮ್ಮ ಎನ್.ಆರ್. ಕಾಲೋನಿಯ ಬಯಲಿನಲ್ಲಿ ಕ್ರಿಕೆಟ್ ಆಡುತ್ತಿದ್ದ. "ಚೆಂಡು ನೋಡ್ಕೊಂಡು ಬ್ಯಾಟ್ ಎತ್ತಿದ್ರೆ ಆಯ್ತು ಕಥೆ, ಅಕ್ಕ. ಎಸೆಯೋನ ಮಣಿಕಟ್ಟು ನೋಡ್ಬೇಕು," ಎನ್ನುವನು. ತಪ್ಪಿದರೆ ಔಟು. ಮನೆಗೆ ಬಂದು ಇನ್ನೆರಡು ಚಪಾತಿ ಹೆಚ್ಚಿಗೆ ತಿನ್ನುವನು. ಅತ್ತೆಯದು ಬೇರೆಯೇ ಲೋಕ. ಹಲ್ಲಿ ಲೊಚಗುಟ್ಟಿದರೆ ಒಂದು, ಬೆಕ್ಕು ಅಡ್ಡ ಹೋದರೆ ಇನ್ನೊಂದು. ಅವರ ಶಕುನ ತಪ್ಪಿದ್ದೇ ಇಲ್ಲ. ಕೆಟ್ಟದ್ದು ಆದರೆ "ನಾನು ಹೇಳ್ಲಿಲ್ವಾ?" ಎನ್ನುವರು, ಆಗದಿದ್ದರೆ "ನನ್ನ ಪೂಜೆಯಿಂದ ತಪ್ಪಿತು" ಎನ್ನುವರು.

ನಮ್ಮವರ ಕೆಲಸವೂ ಮುಂದೆ ಬರುವುದನ್ನು ಹಿಡಿಯುವುದೇ. ಪಕ್ಕವಾದ್ಯದವರಿಗೆ ಇವತ್ತು ಯಾವ ರಾಗ, ಯಾವ ಪಲ್ಲವಿ ಎಂದು ಯಾರೂ ಮೊದಲೇ ಹೇಳುವುದಿಲ್ಲ. "ಹಾಡೋರ ಗಂಟಲು ನೋಡ್ತಿದ್ರೆ ಸ್ವರ ಬರೋದು ಗೊತ್ತಾಗುತ್ತೆ ಕಣೇ. ಆಮೇಲೆ ಸುಮ್ನೆ ಅವ್ರ ಹಿಂದೆ ಹೋಗೋದು," ಎನ್ನುತ್ತಿದ್ದರು. ಊರವರ ಗಂಟಲೆಲ್ಲ ಓದುತ್ತಿದ್ದವರಿಗೆ ತಮ್ಮ ಮೈ ಓದಲು ಬರುತ್ತಿರಲಿಲ್ಲ ಎಂದೇ ನಾನು ತಿಳಿದಿದ್ದೆ. ಅದನ್ನು ನಾನು ಓದುತ್ತಿದ್ದೆ. ಬಸವನಗುಡಿ, ವೈಯಾಲಿಕಾವಲ್, ಎಲ್ಲಿ ಕಛೇರಿಯಾದರೂ ಹೋದೆ. ಎಷ್ಟು ಸಂಗೀತ ಕೇಳಿದೆ ಎಂದರೆ ಲೆಕ್ಕವಿಲ್ಲ. ಒಂದನ್ನೂ ಕೇಳಲಿಲ್ಲ ಎಂದರೂ ಸರಿಯೇ. ಜನ ತಲೆದೂಗುವಾಗ ನಾನು ತುಟಿ ನೋಡುತ್ತಿದ್ದೆ. ಮಂಗಳ ಹಾಡಿದರೆ ಮಾತ್ರ ಉಸಿರು ಬಿಡುತ್ತಿದ್ದೆ. ಅಕ್ಕಪಕ್ಕದ ಹೆಂಗಸರು, "ಏನು ಭಕ್ತಿ ಈ ಹುಡುಗಿಗೆ, ಗಂಡನ ಮುಖದಿಂದ ಕಣ್ಣೇ ತೆಗೆಯಲ್ಲ!" ಎಂದು ಛೇಡಿಸುತ್ತಿದ್ದರು. ನಗುವುದಕ್ಕೂ ನನಗೆ ಪುರುಸೊತ್ತಿರಲಿಲ್ಲ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಆ ಸಲದ ರಾಮನವಮಿಯ ಚಪ್ಪರಕ್ಕೆ ತಮಿಳು ಸೀಮೆಯ ದೊಡ್ಡ ಗಾಯಕರೊಬ್ಬರು ಬರುವರೆಂದು ಗೊತ್ತಾಯಿತು. ಅವರ ಜೊತೆಗೆ ಯಾವಾಗಲೂ ನುಡಿಸುತ್ತಿದ್ದ ಪಿಟೀಲಿನವರಿಗೆ ವಯಸ್ಸಾಗಿತ್ತು. ಹೊಸಬರನ್ನು ಹುಡುಕುತ್ತಿದ್ದಾರೆ, ಒಪ್ಪಿಗೆಯಾದರೆ ಊರೂರಿಗೂ ಕರೆದುಕೊಂಡು ಹೋಗುತ್ತಾರೆ ಎಂದು ಸುದ್ದಿ. ನಮ್ಮವರಿಗೆ ಕರೆ ಬಂತು. ಕರೆ ಬಂದ ದಿನವೇ ಅತ್ತೆ ಪ್ರಯಾಣಕ್ಕೆ ಚಟ್ನಿಪುಡಿ ಕುಟ್ಟಲು ಶುರುಮಾಡಿದರು.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ಬೇಡಿ," ಎಂದೆ ನಾನು.

"ಬಿಡ್ತು ಅನ್ನು," ಎಂದು ಅತ್ತೆ ಒನಕೆ ಜೋರಾಗಿ ಹಾಕಿದರು.

ನಮ್ಮವರು ಹಾಸಿಗೆಯ ಮೇಲೂ ಬೆರಳು ಆಡಿಸುತ್ತಿದ್ದರು. ಮೂರ್ಛೆ ಬಂದ ಮೇಲೆ ಮುದುಡಿಕೊಂಡಿರುತ್ತಿದ್ದ ಆ ಮನುಷ್ಯನಿಗೆ ಒಂದು ಆಸೆ ಹುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಆಸೆಯೇ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಕಛೇರಿಯ ಹಿಂದಿನ ದಿನ ನಮ್ಮವರು ಪೂಜೆಗೆ ಹೂವು ತರಲು ಅಪ್ಪನ ಮಂಡಿಗೆ ಹೋದವರು, ತಲೆಹೊರೆಯವನೊಬ್ಬನಿಗೆ ದಾರಿ ಬಿಡಲು ಪಕ್ಕಕ್ಕೆ ಸರಿದು, ಕಲ್ಲು ಮೆಟ್ಟಿಲು ಎಡವಿಕೊಂಡು ಬಂದರು. ಬಲಗಾಲಿನ ಹೆಬ್ಬೆರಳಿನ ಉಗುರು ಕಿತ್ತುಹೋಗಿತ್ತು. ಅತ್ತೆ ಅರಿಶಿನ ಮೆತ್ತಿ, ಹಳೇ ಪಂಚೆಯ ಚೂರು ಸುತ್ತಿ ಸುತ್ತಿ ಬೆರಳನ್ನು ಬದನೆಕಾಯಿ ಮಾಡಿದರು. "ಕಛೇರಿ ಮುಂದೆ ಇಟ್ಕೊಂಡು ಎಡವೋದು ಒಳ್ಳೇದಲ್ಲ," ಎಂದು ಗೊಣಗಿದರು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ನೋಡಬೇಕಾದ್ದು ತುಟಿ, ಕಾಲಿನ ಬೆರಳಲ್ಲ.

ಮರುದಿನ ಸಂಜೆ ಚಪ್ಪರ ಕಿಕ್ಕಿರಿದಿತ್ತು. ಪಾನಕದ ಕೊಳದಪ್ಪಲೆಗಳು, ಬೀಸಣಿಗೆ, ಬೆವರು, ಮಲ್ಲಿಗೆ. ನಾನು ಎಲ್ಲರಿಗಿಂತ ಮುಂಚೆ ಬಂದು ನನ್ನ ಕಂಬ ಹಿಡಿದಿದ್ದೆ. ಕಛೇರಿ ಏರಿತು. ಗಾಯಕರು ಏನೇ ಎಸೆದರೂ ನಮ್ಮವರು ಹಿಡಿದು ವಾಪಸ್ಸು ಕೊಡುತ್ತಿದ್ದರು. ರಾಗ ಮುಗಿದಾಗ ಗಾಯಕರೇ ಎಡಕ್ಕೆ ತಿರುಗಿ "ಸಬಾಷ್" ಎಂದರು. ನನ್ನ ಪಕ್ಕದ ಹೆಂಗಸು ಮೊಣಕೈಯಿಂದ ತಿವಿದು, "ಕೇಳಿದ್ರಾ?" ಎಂದಳು. ಕೇಳಿದ್ದೆ. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಹೊತ್ತು ಕಾಪಾಡು ಶಿವನೇ ಎನ್ನುತ್ತಿದ್ದೆ.

ಆಮೇಲೆ ಪಲ್ಲವಿ. ಒಂದೇ ಸಾಲನ್ನು ತಾಳದ ಲೆಕ್ಕದೊಳಗೆ ಹಿಗ್ಗಿಸಿ, ಕುಗ್ಗಿಸಿ, ತಿರುಗಿಸಿ ಹಾಡುವುದು. ಗಾಯಕರು ಎತ್ತಿಕೊಂಡದ್ದು ಕುತ್ತಿಗೆಗೆ ಬರುವಂಥದ್ದು. ತಾಳದ ಪೆಟ್ಟು ಬೀಳುವುದಕ್ಕೆ ಮುಂಚೆಯೇ ಸಾಲು ಶುರುವಾಗಬೇಕು. ಪೆಟ್ಟಿಗೆ ಕಾದರೆ ಹೋಯಿತು, ಮೊದಲೇ ಗೊತ್ತಿರಬೇಕು. ಜನ ಮುಂದಕ್ಕೆ ಬಾಗಿ ತೊಡೆಯ ಮೇಲೆ ತಾಳ ಹಾಕತೊಡಗಿದರು. ಗಾಯಕರು ಒಂದು ಸುತ್ತು ಮುಗಿಸಿ ಕೈತೋರಿಸಿದರು. ನಮ್ಮವರು ಪಿಟೀಲಿನ ಕಮಾನು ಎತ್ತಿದರು.

ಎಡತುಟಿಯ ಅಂಚು ಜಗ್ಗಿತು.

ಬೀಸಣಿಗೆಯ ನೆರಳಿರಬಹುದು ಎಂದುಕೊಂಡೆ. ಮತ್ತೆ ಜಗ್ಗಿತು. ಮತ್ತೆ. ಆ ಮೊದಲ ಬೆಳಗಿನ ಹಾಗೆಯೇ, ದಾರ ಎಳೆದ ಹಾಗೆ. ನನ್ನ ಕಾಲು ತಾನಾಗಿ ಎದ್ದು ನಿಂತಿತು.

"ಕೂತ್ಕೊಳ್ರಮ್ಮ, ಹಿಂದೆ ಕಾಣ್ಸಲ್ಲ!" ಎಂದರು ಯಾರೋ. ಇನ್ನೊಬ್ಬರು ಸೆರಗು ಹಿಡಿದು ಎಳೆದರು. ನಾನು ಕೂರಲಿಲ್ಲ. ನಮ್ಮವರು ತಲೆ ಎತ್ತಿ ನನ್ನನ್ನು ನೋಡಿದರು. ಕಮಾನು ಗಾಳಿಯಲ್ಲಿ ಹಾಗೇ ನಿಂತಿತು. ಅವರು ನೋಡುತ್ತಲೇ ಇದ್ದರು, ನಾನು ನಿಂತೇ ಇದ್ದೆ. ಪಲ್ಲವಿಯ ಜಾಗ ಬಂದು, ಖಾಲಿಯಾಗಿ, ದಾಟಿಹೋಯಿತು. ಅವರು ಪಿಟೀಲನ್ನು ಮೆಲ್ಲಗೆ ಕೆಳಗಿಟ್ಟು, ಗಾಯಕರಿಗೆ ಕೈಮುಗಿದು, ಎದ್ದು ಹಿಂದಕ್ಕೆ ನಡೆದರು. ಮೃದಂಗದವರು ತಬ್ಬಿಬ್ಬಾಗಿ ಒಂದು ಕ್ಷಣ ಬಿಟ್ಟು, ಆಮೇಲೆ ಆ ಖಾಲಿಯನ್ನು ತುಂಬಿಕೊಂಡರು.

ನಾನು ಹೆಂಗಸರ ಕಾಲು ಕೈ ತುಳಿದುಕೊಂಡು ವೇದಿಕೆಯ ಹಿಂದಕ್ಕೆ ಓಡಿದೆ. ಸುತ್ತಿಟ್ಟ ಜಮಖಾನೆಗಳ ಪಕ್ಕದಲ್ಲಿ ಅವರು ಆಗಲೇ ಮಲಗಿ ಕಣ್ಣು ಮುಚ್ಚಿಕೊಂಡಿದ್ದರು. ಅತ್ತೆ ಕೊಟ್ಟಿದ್ದ ಕಬ್ಬಿಣದ ಬೀಗದಕೈಯನ್ನು ಅವರ ಮುಷ್ಟಿಯಲ್ಲಿಟ್ಟು ಬೆರಳು ಮಡಿಸಿದೆ. ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡೆ. ಪಾನಕ ಹಂಚುವವನು ಇಣುಕಿದಾಗ "ಹೊಟ್ಟೆನೋವು" ಎಂದು ಹೇಳಿ ಕಳಿಸಿದೆ. ಆಮೇಲೆ ಕಾದೆವು.

ಬರಲಿಲ್ಲ.

ಪರದೆಯ ಆಚೆ ಮೃದಂಗ ಒಂದೇ ಸಮನೆ ನಡೆಯುತ್ತಿತ್ತು. ನಾನು ಅವರ ತುಟಿ ನೋಡುತ್ತಿದ್ದೆ. ತುಟಿ ಸುಮ್ಮನಿತ್ತು, ನಿದ್ದೆ ಹೋದ ಮಗುವಿನ ತುಟಿಯ ಹಾಗೆ. ಈಗ ಹೇಳುವ ಮಾತನ್ನು ನಾನು ಯಾರಿಗೂ ಹೇಳಿಲ್ಲ. ಬಾ ಎಂದು ಬೇಡಿಕೊಂಡೆ. ಅಷ್ಟು ವರ್ಷ ಬರಬೇಡ ಎಂದು ಹರಕೆ ಹೊತ್ತವಳು, ಆ ಹೊತ್ತಿನಲ್ಲಿ ಬಂದುಬಿಡು, ಈಗಲಾದರೂ ಬಾ ಎಂದು ಬೇಡಿದೆ. ಬಂದರೆ ನಾನು ಎದ್ದು ನಿಂತದ್ದು ಸರಿಯಾಗುತ್ತದೆ, ಬಾರದಿದ್ದರೆ ನಾನು ಮಾಡಿದ್ದೇನು? ಮೃದಂಗ ನಿಂತಿತು. ಗಾಯಕರು ಒಬ್ಬರೇ ಪಲ್ಲವಿಯನ್ನು ಎತ್ತಿಕೊಂಡರು, ಪಿಟೀಲಿಲ್ಲದೆ. ಜನ ಚಪ್ಪಾಳೆ ತಟ್ಟಿದರು.

ಅವರು ಕಣ್ಣು ಬಿಟ್ಟರು.

"ಬರ್ಲಿಲ್ಲ," ಎಂದೆ.

"ಹ್ಞೂಂ."

"ತುಟಿ ಜಗ್ಗಿತು ರೀ. ನಾನು ಕಣ್ಣಾರೆ ನೋಡ್ದೆ."

"ಎಣಿಸ್ತಿದ್ದೆ ಕಣೇ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಪಿಟೀಲು ನುಡಿಸುವವರಿಗೆ ಎರಡು ಕೈಯೂ ಕೆಲಸದಲ್ಲಿರುತ್ತದೆ, ತಾಳ ಹಾಕಲು ಕೈಯಿರುವುದಿಲ್ಲ. ಕಷ್ಟದ ಲೆಕ್ಕ ಬಂದಾಗ ಅವರು ಪಂಚೆಯ ಅಂಚಿನ ಕೆಳಗೆ ಬಲಗಾಲಿನ ಹೆಬ್ಬೆರಳಿನಲ್ಲಿ ಎಣಿಸಿಕೊಳ್ಳುತ್ತಿದ್ದರು. ಆ ದಿನ ಬೆರಳು ಬದನೆಕಾಯಿಯಾಗಿತ್ತು, ಆಡಲಿಲ್ಲ. ಬಾಯಿಯ ಅಂಚಿನಲ್ಲಿ ಎಣಿಸಿಕೊಂಡಿದ್ದರು.

ಗಾಯಕರು ಮರ್ಯಾದಸ್ಥರು. ಹೋಗುವಾಗ "ಉಡಂಬು ಪಾತ್ತುಕೊಳ್ಳುಂಗೊ," ಮೈ ನೋಡಿಕೊಳ್ಳಿ, ಎಂದು ಹೇಳಿ ಹೋದರು. ಅವರ ಜೊತೆ ಊರೂರಿಗೆ ಹೋದದ್ದು ಬೇರೊಬ್ಬರು. ಅತ್ತೆ ಕುಟ್ಟಿದ ಚಟ್ನಿಪುಡಿಯನ್ನು ನಾವೇ ತಿಂದು ಮುಗಿಸಿದೆವು. "ಎಡವಿದಾಗ್ಲೇ ಹೇಳ್ಲಿಲ್ವಾ?" ಎಂದರು ಅತ್ತೆ. ಜೀವಮಾನದಲ್ಲಿ ಒಂದೇ ಒಂದು ಸಲ ಅವರ ಶಕುನ ನಿಜವಾಗಿತ್ತು, ಅದೂ ಅವರೇ ಸುತ್ತಿದ ಬಟ್ಟೆಯಿಂದ.

ನನ್ನದು ತಪ್ಪೆಂದು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಹಾವು ಕಡಿದವರ ಮನೆಯಲ್ಲಿ ಹಗ್ಗ ಕಂಡರೂ ಎದ್ದೇ ಏಳುತ್ತಾರೆ. ಹಾವೋ ಹಗ್ಗವೋ ಎಂದು ಮುಟ್ಟಿ ನೋಡುವ ಧೈರ್ಯ ಇದ್ದವರು ನನಗೆ ಬುದ್ಧಿ ಹೇಳಲಿ. ಕಛೇರಿಗಳು ಮತ್ತೆ ನಡೆದವು, ಸಣ್ಣವು, ಊರೊಳಗಿನವು. ಗುಟ್ಟು ಗುಟ್ಟಾಗಿಯೇ ಉಳಿಯಿತು. ನಾನೂ ಕಂಬದ ಪಕ್ಕ ಹೋಗಿ ಕೂರುತ್ತಿದ್ದೆ.

ಅತ್ತೆ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ಒಂದು ಚಳಿಗಾಲ. ಮಧ್ಯಾಹ್ನ ಇಬ್ಬರೂ ನೆನೆಸಿದ ಅವರೆಕಾಳನ್ನು ಮುಂದಿಟ್ಟುಕೊಂಡು ಹಿಚುಕುತ್ತಿದ್ದೆವು. ಪಿಟೀಲಿನ ಬೆರಳುಗಳಲ್ಲವೇ, ಕಾಳು ಸಿಪ್ಪೆಯಿಂದ ಹಾರಿ ಪಾತ್ರೆಗೇ ಬೀಳುತ್ತಿತ್ತು. ಯಾವುದೋ ಮಾತಿಗೆ ಆ ರಾಮನವಮಿಯ ಮಾತು ಬಂತು. ನನಗೆ ಹಳೆಯ ಸಿಟ್ಟು ಏರಿತು.

"ನೀವಾದ್ರೂ ಒಂದು ಸಲ ತಲೆ ಆಡ್ಸಿದ್ರೆ ಆಗ್ತಿತ್ತು. ಏನಿಲ್ಲ, ಕೂತ್ಕೋ ಅಂತ. ಅಷ್ಟು ಹೊತ್ತು ನನ್ನನ್ನೇ ನೋಡ್ತಿದ್ರಲ್ಲ!"

ಅವರು ಕಾಳು ಹಿಚುಕುತ್ತಲೇ ಹೇಳಿದರು. "ಬರಲ್ಲ ಅಂತ ಗೊತ್ತಿತ್ತು ಕಣೇ."

"ಹೇಗೆ ಗೊತ್ತಿತ್ತು? ನಿಮಗೇನೂ ಗೊತ್ತಾಗಲ್ಲ ಅಂತ ಡಾಕ್ಟ್ರಿಗೆ ನೀವೇ ಹೇಳಿದ್ರಿ."

"ಅದು ಮೊದ್ಲು. ನುಡಿಸ್ತಾ ನುಡಿಸ್ತಾ ಆಮೇಲೆ ಗೊತ್ತಾಯ್ತು. ಅದು ಬರೋ ಹಾಗಿದ್ರೆ ಮೊದ್ಲು ತಾಳದ ಲೆಕ್ಕ ಜಾರುತ್ತೆ. ಎರಡಾದ್ಮೇಲೆ ಮೂರು ಸಿಗಲ್ಲ. ಆ ದಿನ ಒಂದಕ್ಷರನೂ ಜಾರಿರ್ಲಿಲ್ಲ."

ನನ್ನ ಕೈ ನಿಂತಿತು. "ಮತ್ತೆ ಯಾಕೆ ಇಳಿದ್ರಿ?"

"ನೀನು ನಿಂತಿದ್ದೆ. ಹಿಂದಿನೋರು ಸೆರಗು ಎಳೀತಿದ್ರು, ಬೈತಿದ್ರು. ಆದ್ರೂ ಕೂರ್ಲಿಲ್ಲ. ನಿನ್ನ ಮುಖ ನೋಡ್ದೆ. ನಾನು ಇಳೀದೆ ಇದ್ರೆ ನೀನು ಅಷ್ಟು ಜನರ ಮಧ್ಯೆ ಒಬ್ಳೇ ಹೆದರ್ಕೊಂಡು ನಿಂತೇ ಇರ್ತಿದ್ದೆ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕಛೇರಿಗೆ ಬರ್ತಿದ್ಯಾ?"

ತಾಯಿಯ ಮಾತನ್ನೇ ಮಗ ಆಡಿದ್ದರು, ಆದರೆ ಅದು ಅವರಿಗೆ ಹೊಳೆದಂತೆ ಕಾಣಲಿಲ್ಲ. ನನಗೆ ಎಷ್ಟು ರೋಷ ಬಂತೆಂದರೆ ಹಿಚುಕಿದ ಕಾಳನ್ನೆಲ್ಲ ಪಾತ್ರೆ ಸಮೇತ ಅಂಗಳಕ್ಕೆ ಎಸೆದೆ. ಆಮೇಲೆ ಅಳುತ್ತಾ ನಾನೇ ಆರಿಸಿದೆ, ಅವರೂ ಬಂದು ಆರಿಸಿದರು. ಪರದೆಯ ಹಿಂದೆ ಅಷ್ಟು ಹೊತ್ತು ಕಣ್ಣು ಮುಚ್ಚಿ, ಬೀಗದಕೈ ಹಿಡಿದು ಮಲಗಿದ್ದರಲ್ಲ, ಅದು ಯಾವುದಕ್ಕೂ ಕಾದದ್ದಲ್ಲ. ನನ್ನ ಭಯ ಇಳಿಯಲಿ ಎಂದು ಕಾದದ್ದು.

ಮುಂದಿನ ವಾರ ಬಸವನಗುಡಿಯಲ್ಲಿ ಕಛೇರಿಯಿತ್ತು. ಹೋಗಬಾರದು ಎಂದುಕೊಂಡೆ, ಹೋದೆ. ಅದೇ ಹೆಂಗಸರ ಸಾಲು, ಕಂಬದ ಪಕ್ಕ ಅದೇ ಜಾಗ. ಮೊದಲೆಲ್ಲ ನನಗಿದ್ದದ್ದು ಒಂದೇ ಭಯ, ಬರುತ್ತದೇನೋ ಎಂದು. ಈಗ ಎರಡಾಗಿತ್ತು. ನಾನು ಎದ್ದರೆ ಅವರು ಇಳಿದುಬಿಡುತ್ತಾರೆ. ಅದು ಬರುವುದಿಲ್ಲ ಎಂದು ಗೊತ್ತಿದ್ದರೂ ಇಳಿದುಬಿಡುತ್ತಾರೆ. ನಾನು ಏಳದೆ ಕೂತಿದ್ದಾಗ ಲೆಕ್ಕ ಜಾರಿದ್ದು ಅವರಿಗೇ ತಿಳಿಯದೆ ಹೋದರೆ?

ಪಲ್ಲವಿಯ ಹೊತ್ತಿಗೆ ತುಟಿಯ ಅಂಚು ಜಗ್ಗಿತು, ಎಣಿಕೆಯೋ ಮೂರ್ಛೆಯೋ ತಿಳಿಯದು. ಮತ್ತೆ ಜಗ್ಗಿತು. ಅವರು ಕಮಾನು ಎತ್ತಿ ನನ್ನ ಕಡೆ ನೋಡಿದರು. ಏಳುತ್ತಾಳೇನೋ ಎಂದು ನೋಡುತ್ತಿದ್ದರು. ನನಗಾಗಿ ಕಾಯುತ್ತಿದ್ದರು. ನಾನು ಏಳಲಿಲ್ಲ. ಅವರು ಕಮಾನನ್ನು ತಂತಿಯ ಮೇಲಿಟ್ಟರು.

ಮಂಗಳದವರೆಗೂ ಏನೂ ಆಗಲಿಲ್ಲ. ಚಪ್ಪರದ ಕಂಬದ ಸಿಬಿರುಗಳು ಅಂಗೈಗೆ ಆಳವಾಗಿ ಹೊಕ್ಕಿದ್ದು ಮನೆಗೆ ಬಂದು ಕೈ ತೊಳೆಯುವಾಗ ಗೊತ್ತಾಯಿತು. ಅವರೇ ಸೂಜಿ ತಂದು, ದೀಪದ ಹತ್ತಿರ ಕೂರಿಸಿಕೊಂಡು, ಒಂದೊಂದಾಗಿ ತೆಗೆದರು.